ದೀಡ ದಪ್ಪದ ಕಲ್ಲು

ಚಿತ್ತಾಪುರದಲ್ಲಿ ಕೋಡ್ ಬರೆಯುವ ಹುಡುಗಿ ನಾನೊಬ್ಬಳೇ. ಇದನ್ನು ಕೇಳದವರು ಊರಲ್ಲಿ ಯಾರೂ ಉಳಿದಿರಲಿಲ್ಲ; ಎದುರು ಮನೆಯ ಎಮ್ಮೆಗೂ ಎರಡು ಸಲ ಹೇಳಿದ್ದೆ. ಪಿಯುಸಿ ಮೊದಲ ವರ್ಷದ ರಜೆಯಲ್ಲಿ, ಪರದೆ ಒಡೆದ ಫೋನಿನಲ್ಲೇ, ಕಲ್ಲಿನ ತೂಕ ಹೇಳುವ ಪ್ರೋಗ್ರಾಂ ಬರೆದೆ. ಅವ್ವನ ತಮ್ಮ, ನನ್ನ ಮಾಮ, ಆಗಷ್ಟೇ ಗೂಡ್ಸ್ ಆಟೋ ತಂದಿದ್ದ. ತೊಗರಿ ಚೀಲ ಬಿಟ್ಟು ಬೇರೇನೂ ಸಾಗಿಸಿದವನಲ್ಲ. ಈಗ ದಂಡೋತಿಯ ಒಂದು ಮನೆಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಒಯ್ಯುವ ಬಾಡಿಗೆ ಸಿಕ್ಕಿತ್ತು.

ಅಳತೆಗಳನ್ನು ಸಂಭಾಳಿಸಲೆಂದೇ ಯಾರೋ ಪುಣ್ಯಾತ್ಮರು ಬರೆದಿಟ್ಟ ಲೈಬ್ರರಿಯೊಂದಿದೆ, ಅಂದರೆ ನಮ್ಮ ಪ್ರೋಗ್ರಾಂಗೆ ಜೋಡಿಸಿಕೊಳ್ಳುವ ಸಿದ್ಧ ಕೋಡು. ಫೂಟನ್ನು ಮೀಟರ್ ಮಾಡುತ್ತದೆ, ಮೀಟರನ್ನು ಇಂಚು ಮಾಡುತ್ತದೆ. ಆದರೆ ಅದರ ಸ್ವಭಾವ ನಮ್ಮ ಗಣಿತದ ಮೇಡಂಗಿಂತ ಕೆಟ್ಟದ್ದು. ಪ್ರತಿ ಅಂಕಿಯ ಪಕ್ಕ ಅದು ಯಾವ ಅಳತೆಯೆಂದು ಬರೆಯಲೇಬೇಕು. ಬರೀ ಅಂಕಿ ಕೊಟ್ಟರೆ ತೂಕ ಬರುವುದಿಲ್ಲ, ಪರದೆ ತುಂಬ ಕೆಂಪಕ್ಷರದ ಬೈಗುಳ ಬರುತ್ತದೆ. ಒಂದೇ ಮಧ್ಯಾಹ್ನ ನನ್ನನ್ನು ನಾಲ್ಕು ನೂರು ಸಲ ಬೈದಿರಬೇಕು. ಬೇಸತ್ತು ಅದರ ಬಾಯಿ ಮುಚ್ಚಿಸಿದೆ: ಅಳತೆ ಹೇಳದಿದ್ದರೆ ಉದ್ದ ಅಗಲ ಫೂಟು, ದಪ್ಪ ಸೆಂಟಿಮೀಟರ್ ಎಂದು ತಿಳಿದುಕೋ. ಸೆಂಟಿಮೀಟರ್ ಯಾಕೆಂದರೆ ನನ್ನ ಕಂಪಾಸ್ ಪೆಟ್ಟಿಗೆಯ ಪಟ್ಟಿಯಲ್ಲಿ ಆ ಬದಿ ಮೇಲಿತ್ತು. ಅಷ್ಟೇ.

ಬೆಳಿಗ್ಗೆ ಕಲ್ಲಿನ ಅಡ್ಡೆಯಲ್ಲಿ ಲೋಡ್ ಮಾಡುವ ಹೆಂಗಸನ್ನು ಸೈಜು ಕೇಳಿದೆ.

"ಎರಡು ಎರಡು ದೀಡ," ಅಂದಳು.

ದೀಡ ಅಂದರೆ ಒಂದೂವರೆ. ಒಂದೂವರೆ ಏನೆಂದು ಕಲ್ಲಿನವರು ಹೇಳುವುದಿಲ್ಲ. ದಪ್ಪ ಎಂದರೆ ಇಂಚು ಎಂದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ನನಗೂ ಗೊತ್ತಿತ್ತು. ಕಲ್ಲಿನ ಅಂಚು ನನ್ನ ಎರಡು ಬೆರಳಿನಷ್ಟು ದಪ್ಪವಾಗಿ ಕಣ್ಣೆದುರೇ ಇತ್ತು. ನಾನು ಪರದೆ ನೋಡುತ್ತಿದ್ದೆ.

"ಒಂದು ಕಲ್ಲು ಹದಿನಾಲ್ಕೂವರಿ ಕಿಲೋ. ಗಾಡಿ ಐದುನೂರು ಕಿಲೋದ್ದು. ಮೂವತ್ನಾಕು ಹಾಕ್ರಿ," ಅಂದೆ.

"ಮಂದಿ ಹದಿಮೂರು ಹಾಕ್ತಾರವ್ವ."

"ಅವರು ಅಂದಾಜು ಹಾಕ್ತಾರ. ಇದು ಲೆಕ್ಕ."

"ನನ್ನ ನಡ ಹೇಳ್ತದ ಲೆಕ್ಕ," ಅಂದಳು. "ಹದಿನಾಲ್ಕು ಕಿಲೋ ಇದ್ರ ಬಗಲಿಗೊಂದು ಹಿಡಕೊಂಡು ಕುಣೀತಿದ್ದೆ."

ಮಾಮ ನಕ್ಕ. "ಹಾಕವ್ವ. ನಮ್ಮ ಹುಡುಗಿ ಕಂಪ್ಯೂಟರ್ ಓದಲಿಕತ್ತಾಳ. ಮೂರು ಟ್ರಿಪ್ಪಿಂದು ಒಂದರಾಗ ಮುಗೀತದ."

ಹೊರಡುವಾಗ ಹಿಂದಿನ ಗಾಲಿಗಳ ಮೇಲೆ ಗಾಡಿ ಕುಸಿದು ಕೂತಿತ್ತು.

"ಭಾಳ ಕುಂತದಲ್ಲ," ಅಂದ ಮಾಮ.

"ಹೊಸ ಗಾಡಿ ಮಾಮಾ. ನಾಚಿಕೊಳ್ಳಾಕತ್ತದ."

ಅವನು ಮತ್ತೆ ನಕ್ಕು ಕಿಕ್ ಹೊಡೆದ. ನಾನು ಅವನ ಪಕ್ಕ ಒತ್ತಿಕೊಂಡು ಕೂತೆ.

ಕಾಗಿಣಾ ಹೊಳೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ. ಎರಡೂ ಕಾಲಿನಿಂದ ತುಳಿದ. ರಸ್ತೆ ಬದಿಯ ಗುಂಡಿಗೆ ಮುಂಗಾಲಿ ಇಳಿದಾಗ ಗಾಡಿ ನಿಂತಿತು, ಕಲ್ಲುಗಳು ನಿಲ್ಲಲಿಲ್ಲ. ಬೆನ್ನ ಹಿಂದಿನ ತಗಡನ್ನು ಸೀಳಿಕೊಂಡು ಮಾಮನ ಬದಿಗೇ ಬಂದವು. ನನಗೆ ಮೊಣಕೈ ತರಚಿತು. ಇಡೀ ಅಪಘಾತದಲ್ಲಿ ನನ್ನ ಪಾಲಿಗೆ ಬಂದದ್ದು ಅದೊಂದೇ. ಅದಕ್ಕೂ ಯಾರೋ ಅರಿಶಿನ ಹಚ್ಚಿದರು.

ಕಲಬುರಗಿ ದವಾಖಾನೆಯಲ್ಲಿ ಮಾಮನ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ನಾಲ್ಕನೆಯ ದಿನ ವಾರ್ಡಿನ ಹೊರಗೆ ಕೂತು ಪ್ರೋಗ್ರಾಂ ತೆರೆದೆ. ಈ ಸಲ ದೀಡದ ಪಕ್ಕ ಇಂಚು ಎಂದು ಬರೆದೆ. ಒಂದು ಕಲ್ಲಿಗೆ ಮೂವತ್ತೇಳು ಕಿಲೋ. ಲೈಬ್ರರಿ ಒಂದು ಮಾತೂ ಬೈಯಲಿಲ್ಲ. ಒಳಗೆ ಹೋಗಿ ಮಾಮನಿಗೆ ಹೇಳಿದೆ.

"ಬ್ರೇಕಿಂದು ತಪ್ಪಿಲ್ಲ ಮಾಮಾ. ನಾ ಇಂಚಿನ ಜಾಗಾದಾಗ ಸೆಂಟಿಮೀಟರ್ ಇಟ್ಟಿದ್ದೆ. ಗಾಡ್ಯಾಗ ಹನ್ನೆರಡೂವರಿ ಕ್ವಿಂಟಲ್ ಇತ್ತು."

ಚಾದರದ ಕೆಳಗೆ ಪಾದ ಇರಬೇಕಾದ ಕಡೆ ಅವನು ನೋಡಿದ.

"ಆಕಿ ಹದಿಮೂರು ಅಂದಿದ್ಲು," ಅಂದ. ಆಮೇಲೆ, "ನಿಮ್ಮಪ್ಪಗ ಹೇಳಬ್ಯಾಡ. ಫೋನ್ ಕಸಗೊಂಡು ಸಾಲಿ ಬಿಡಿಸ್ತಾನ. ಬ್ರೇಕ್ ಫೇಲ್ ಅಂತ ಹೇಳೀನಿ, ಅದೇ ಇರಲಿ."

"ಮತ್ತ ನೀ ಗಾಡಿ ಹೆಂಗ ಹೊಡೀತಿ?"

"ಲೆಕ್ಕದಾಕಿ ನೀ. ನೀನೇ ಹೇಳು."

 

ಅಪ್ಪ ಪೇಪರಿನಲ್ಲಿ ತೊಗರಿ ಧಾರಣೆ ಬಿಟ್ಟು ಬೇರೇನೂ ಓದುವುದಿಲ್ಲ. ಆ ಧೈರ್ಯದ ಮೇಲೆ ಇಷ್ಟನ್ನು ಪೇಪರಿಗೆ ಬರೆದಿದ್ದೇನೆ. ಅವತ್ತು ಸಂಜೆ ದವಾಖಾನೆಗೆ ಸೇಡಂ, ವಾಡಿಯಿಂದ ನೆಂಟರು ಬಂದರು. ಎಲ್ಲರೂ ಬ್ರೇಕಿಗೆ ಬೈದರು, ಗಾಡಿ ಮಾರಿದವನಿಗೆ ಬೈದರು. ಮಾಮ ಹೂಂ ಅನ್ನುತ್ತಿದ್ದ. ನಾನು ಎಲ್ಲರಿಗೂ ಚಹಾ ಕೊಟ್ಟೆ.