ಹೊಸಬರು ಉಣ್ಣುವ ತನಕ

ಮನೆ ತುಂಬ ಗಂಡಸರು ಹಸಿದು ನಿಂತಿದ್ದಾರೆ, ತಾಟು ಮಾತ್ರ ನನ್ನ ಮುಂದೆ! ಕೊಳ್ಳೇಗಾಲದಿಂದ ಬಸ್ಸು, ರೈಲು, ಮತ್ತೆ ಬಸ್ಸು ಹತ್ತಿಳಿದು, ಮಂಗಸೂಳಿ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದ ಮೊದಲ ದಿನದ ಮಾತಿದು. ನಮ್ಮ ಕಡೆ ನಿಮಗೆ ಗೊತ್ತೇ ಇದೆ, ಸೊಸೆ ಎಂದರೆ ಎಲ್ಲರಿಗೂ ಬಡಿಸಿ, ಕೊನೆಗೆ ಪಾತ್ರೆಯ ತಳ ಕೆರೆದು ಉಣ್ಣುವವಳು. ಇಲ್ಲಿ ನೋಡಿದರೆ ಬಿಳಿ ಮೀಸೆಯ ಮಾವ ಕಂಬದ ಪಕ್ಕ ನೆಟ್ಟಗೆ ನಿಂತು, ನಾನು ತುತ್ತು ಎತ್ತುವುದನ್ನೇ ಕಾಯುತ್ತಿದ್ದರು.

"ಊಟಾ ಮಾಡ ಯವ್ವಾ," ಎಂದರು. ಅಪ್ಪಣೆಯೋ ಅಕ್ಕರೆಯೋ ತಿಳಿಯಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ರೊಟ್ಟಿ ಮುರಿದೆ.

ನನ್ನ ಗಂಡ ನಮ್ಮೂರಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದವರು. ಮದುವೆಯ ಹೊತ್ತಿಗೆ ಅವರ ಹಳ್ಳಿಗೆ ಹತ್ತಿರದ ಅಥಣಿಗೆ ವರ್ಗ ಸಿಕ್ಕಿತು. ಅದೇ ಕರ್ನಾಟಕ, ಅದೇ ಕನ್ನಡ, ಇನ್ನೇನು ಎಂದುಕೊಂಡು ಬಂದೆ. ಅಯ್ಯೋ ದೇವರೇ! ಸಂತೆಯಲ್ಲಿ ಬದನೆಕಾಯಿ ಮಾರುವವಳು ಕನ್ನಡದಲ್ಲಿ ಶುರು ಮಾಡಿ ಮರಾಠಿಯಲ್ಲಿ ಮುಗಿಸುತ್ತಿದ್ದಳು. ಎಲ್ಲರೂ ಜಗಳಕ್ಕೇ ನಿಂತವರ ಹಾಗೆ ಜೋರಾಗಿ ಮಾತಾಡಿ, ಮರುಗಳಿಗೆಯಲ್ಲಿ "ಚಾ ಕುಡಿಯೂಣು ಬರ್ರಿ" ಎಂದು ಕೈ ಹಿಡಿದು ಎಳೆಯುತ್ತಿದ್ದರು. ರಾಗಿಮುದ್ದೆ ನುಂಗಿ ಬೆಳೆದ ನನಗೆ ಜೋಳದ ರೊಟ್ಟಿ ಅಗಿಯುವುದೇ ದೊಡ್ಡ ಕೆಲಸ. ನಾನು ಬಡಿದ ರೊಟ್ಟಿಯಂತೂ ಹಂಚಿಗೆ ಹಾಕುವ ಮೊದಲೇ ಮೂರು ಪಾಲಾಗುತ್ತಿತ್ತು. ದೀಪಾವಳಿಗೆ ತವರಿಗೆ ಹೋದರೆ ತಿರುಗಿ ಈ ಕಡೆ ಮುಖ ಹಾಕುವುದಿಲ್ಲ ಎಂದು ಒಳಗೊಳಗೇ ತೀರ್ಮಾನಿಸಿಬಿಟ್ಟೆ. ಉಣ್ಣುವುದನ್ನೂ ಬಿಡತೊಡಗಿದೆ.

ಒಂದು ಮಧ್ಯಾಹ್ನ ತಾಟು ಸರಿಸಿ ಎದ್ದಾಗ ಅತ್ತೆ ತಡೆದರು. "ನೀ ಉಣ್ಣಲಿಲ್ಲಂದ್ರ ನಿಮ್ಮ ಮಾವಾರೂ ಉಣ್ಣೂದಿಲ್ಲ ನೋಡ. ನಿನ್ನೀನೂ ಬರೇ ಮಜ್ಜಿಗಿ ಕುಡದ ಹೊಲಕ್ಕ ಹ್ವಾದ್ರು."

ಅಂಗಳದಲ್ಲಿದ್ದ ಮಾವನನ್ನೇ ಕೇಳಿದೆ, "ನನಗೋಸ್ಕರ ನೀವ್ಯಾಕೆ ಹಸ್ಕೊಂಡಿರ್ತೀರಿ ಮಾವ?"

"ಪಲ್ಟಣದಾಗ ಕಲ್ತದ್ದ ಯವ್ವಾ," ಎಂದರು. ಸೈನ್ಯದಲ್ಲಿ ಅವರು ಬಂದೂಕಿಗಿಂತ ಹೆಚ್ಚು ಹಿಡಿದದ್ದು ಹೇಸರಗತ್ತೆಯ ಹಗ್ಗವನ್ನು. ಹಿಮದ ಬೆಟ್ಟಗಳ ಮೇಲಿನ ಠಾಣೆಗಳಿಗೆ ರೇಷನ್ನು ಹೊತ್ತೊಯ್ಯುವ ದಳ ಅವರದು. "ಬಯಲಸೀಮಿ ಖಚ್ಚರ ಹೊಸದಾಗಿ ಬಂತಂದ್ರ, ಮ್ಯಾಲಿನ ಥಂಡಿಗಿ ಅಂಜಿ ಹುಲ್ಲ ಮುಟ್ಟತಿರಲಿಲ್ಲ. ಅದು ತಿನ್ನೂತನಕ ನಾವು ಉಣ್ಣದ ಅದರ ಮುಂದ ನಿಂದರಬೇಕು. ಅದು ತಿಂದ್ರ ಬದಕತೈತಿ. ಅದು ಬದಕಿದ್ರ ಮ್ಯಾಲಿನ ಹುಡುಗೂರಿಗೆ ರೊಟ್ಟಿ ಮುಟ್ಟತೈತಿ."

"ಅಂದ್ರೆ ನಾನು ಹೇಸರಗತ್ತೆನಾ?" ನನಗೆ ಸಿಟ್ಟು ನೆತ್ತಿಗೇರಿತ್ತು.

"ಹೊಸಾದು ಯವ್ವಾ, ಹೊಸಾದು!" ಎಂದು ಮಾವ ಗಾಬರಿಯಿಂದ ತಿದ್ದಿಕೊಂಡರು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ನನಗೂ ತಡೆಯಲಾಗದೆ ನಗು ಬಂತು. ಈ ಊರಿಗೆ ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬ ನಕ್ಕು, ಹೊಟ್ಟೆ ತುಂಬ ಉಂಡೆ. ದೀಪಾವಳಿಗೆ ತವರಿಗೆ ಹೋದವಳು ಹೇಳಿದ ದಿನಕ್ಕೆ ಸರಿಯಾಗಿ ತಿರುಗಿ ಬಂದೆ. ಆಮೇಲೆ ನನ್ನ ರೊಟ್ಟಿಯೂ ದುಂಡಗಾಯಿತೆನ್ನಿ.

ಸ್ವಾತಂತ್ರ್ಯ ದಿನದಂದು ಶಾಲೆಯವರು ಯುದ್ಧದ ಕಥೆ ಹೇಳಿ ಎಂದು ಕರೆದರೆ, ಗೊರಸಿಗೆ ಮೆತ್ತಿದ ಹಿಮವನ್ನು ಹೇಗೆ ಕೆರೆಯಬೇಕೆಂದು ಹೇಳಿ ವೇದಿಕೆಯಿಂದ ಇಳಿಯುತ್ತಿದ್ದರು ಮಾವ. ಅವರೊಳಗಿನ ಸಿಪಾಯಿಯನ್ನು ನಾನು ಕಂಡದ್ದು ಕಬ್ಬಿನ ಹಂಗಾಮಿನಲ್ಲಿ. ಚಳಿ ಬಿದ್ದೊಡನೆ ಮಹಾರಾಷ್ಟ್ರದ ಬರದ ಸೀಮೆಯಿಂದ ಕಬ್ಬು ಕಡಿಯುವವರು ಎತ್ತಿನ ಗಾಡಿ ಸಮೇತ ಬಂದು, ಹೊಲದ ಬದುವಿನಲ್ಲಿ ಜೋಪಡಿ ಹಾಕುತ್ತಾರೆ. ಮನೆಯ ಮುಂದಿನ ನೀರಿನ ತೊಟ್ಟಿಯ ಹತ್ತಿರ ನಿಂತು ಮಾವ ಗಾಡಿಗಳನ್ನು ತಡೆಯುತ್ತಿದ್ದರು. "ಆಧಿ ಬೈಲಾಂನಾ ಪಾಣಿ ಪಾಜ್, ಮಗ್ ಬೋಲೂ." ಮೊದಲು ಎತ್ತಿಗೆ ನೀರು ಕುಡಿಸು, ಆಮೇಲೆ ಮಾತು. ನೊಗ ಎತ್ತಿಸಿ ಎತ್ತಿನ ಹೆಗಲು ನೋಡಿ, ಹುಣ್ಣಿದ್ದರೆ ಬೈದು, ಅರಿಶಿನ ಎಣ್ಣೆ ತಾವೇ ಹಚ್ಚುತ್ತಿದ್ದರು.

ಒಮ್ಮೆ ಗಾಡಿಯವನೊಬ್ಬ ಸಿಡುಕಿದ. ನಿಂತರೆ ಸಕ್ಕರೆ ಕಾರ್ಖಾನೆಯಲ್ಲಿ ಅವನ ಸರದಿ ತಪ್ಪುತ್ತಿತ್ತು. ಮಾವ ತಲೆಗೆ ಸುತ್ತಿದ ಪಟಕಾ ತೆಗೆದು ನನ್ನ ಕೈಗೆ ಕೊಟ್ಟು, ಕಬ್ಬು ತುಂಬಿದ ಗಾಡಿಯ ನೊಗಕ್ಕೆ ತಾವೇ ಹೆಗಲು ಕೊಟ್ಟರು. ಅವನು ಎತ್ತು ಬಿಚ್ಚಿ, ಗಾಡಿಗೆ ಆಸರೆಗೋಲು ನಿಲ್ಲಿಸುವ ತನಕ ಆ ಮುದಿ ಕಾಲುಗಳು ಕದಲಲಿಲ್ಲ. ಗಾಡಿಯವನ ಮುಖ ಕಪ್ಪಿಟ್ಟಿತು. ಪಟಕಾ ಹಿಡಿದು ನಿಂತ ನನಗೆ ಮೈಯೆಲ್ಲ ಜುಂ ಎಂದಿತು. ಎಂಥ ಮನುಷ್ಯ ಇವರು!

ಅಂಥದೇ ಒಂದು ಹಂಗಾಮಿನಲ್ಲಿ, ಬೆಳಗಿನ ಚಹಾ ಕುಡಿದು ಕಟ್ಟೆಗೆ ಒರಗಿದವರು ಮತ್ತೆ ಏಳಲಿಲ್ಲ. ಮಣ್ಣಿಗೆ ಒಯ್ಯಲೆಂದು ಹೊರಗೆ ಬಂದರೆ ರಸ್ತೆಯುದ್ದಕ್ಕೂ ಕಬ್ಬಿನ ಗಾಡಿಗಳು ನಿಂತಿದ್ದವು. ಯಾರೂ ಯಾರಿಗೂ ಹೇಳಿರಲಿಲ್ಲ. ನೊಗ ಬಿಚ್ಚಿ, ಎತ್ತುಗಳಿಗೆಲ್ಲ ನೀರು ಕುಡಿಸಿ, ಆಮೇಲೆಯೇ ಒಬ್ಬೊಬ್ಬರಾಗಿ ಬಂದು ಮಾವನ ಕಾಲು ಮುಟ್ಟಿದರು. ಅಂದು ಸಿಡುಕಿದವನು ಕೊನೆಯ ಎತ್ತು ಕುಡಿಯುವ ತನಕ ತೊಟ್ಟಿಗೆ ನೀರು ಸುರಿಯುತ್ತಲೇ ಇದ್ದ.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರು ರೊಟ್ಟಿ ಬುಟ್ಟಿ ತಂದಿಟ್ಟರು. ತಾಟು ಹಾಕಿದರೂ ಯಾರೂ ಕೈ ಹಚ್ಚಲಿಲ್ಲ. ಎಲ್ಲರಿಗಿಂತ ಕೊನೆಗೆ ಉಣ್ಣುವ ಮಾವ ಇದ್ದಾರೆಂಬ ಧೈರ್ಯದಲ್ಲಿ ಆ ಮನೆ ಇಷ್ಟು ವರ್ಷ ಉಂಡಿತ್ತು. ನನ್ನ ಗಂಡ ಮಾವ ನಿಲ್ಲುತ್ತಿದ್ದ ಕಂಬದ ಕಡೆ ನೋಡಿ ತಲೆ ತಗ್ಗಿಸಿದರು. ಅತ್ತೆ ನನ್ನ ಕಡೆ ಕೈ ತೋರಿಸಿದರು.

"ಕಡೀಕ ಇಕಿ ಕುಂದರ್ತಾಳ. ನೀವೆಲ್ಲಾ ಉಣ್ರಿ."

ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಪದವಿ ಇರಲಿಲ್ಲ. ಎಲ್ಲರೂ ಉಂಡೆದ್ದ ಮೇಲೆ ಕಂಬಕ್ಕೆ ಒರಗಿ ಕೂತು, ತಣ್ಣಗಾದ ರೊಟ್ಟಿ ಮುರಿದು, ಬಿಕ್ಕಿ ಬಿಕ್ಕಿ ಅಳುತ್ತ ಉಂಡೆ.

ಈಚೆಗೆ ಕೊಳ್ಳೇಗಾಲಕ್ಕೆ ಹೋಗಿದ್ದೆ. ಅವ್ವ ಮುದ್ದೆ, ಬಸ್ಸಾರು ಮಾಡಿ ಮೊದಲು ನನಗೇ ತಟ್ಟೆ ಇಟ್ಟಳು.

"ನೀವೆಲ್ಲ ಉಣ್ಣಿ ಅವ್ವ, ನಾನು ಕಡೀಕ ಕೂರ್ತೀನಿ," ಎಂದೆ.

"ಅದೇನ್ ಮಾತು ಅಂತ ಆಡೀಯವ್ವ! ದೂರದಿಂದ ಬಂದೋರು ಮೊದ್ಲು ಉಣ್ಬೇಕು ಕಣ್ ಮಗ."

ಹೆತ್ತ ಮನೆಯಲ್ಲಿ ನಾನು ದೂರದಿಂದ ಬಂದವಳು! ಕಣ್ಣು ತುಂಬಿ ಬಂತು. ತಲೆ ಎತ್ತಿದರೆ ಅವ್ವ ಸೌಟು ಹಿಡಿದು, ನನ್ನ ಕೈಯನ್ನೇ ನೋಡುತ್ತ ನಿಂತಿದ್ದಳು. ನಾನು ಉಣ್ಣದಿದ್ದರೆ ಅವಳೂ ಉಣ್ಣುವುದಿಲ್ಲ ಎಂದು ಗೊತ್ತಿತ್ತು. ಮುದ್ದೆ ಮುರಿದೆ.