ಆಟದ ಗೂಟಕ್ಕೊಂದು ಬಟ್ಟಲು

ಬಿಟ್ಟಿ ಸಿಕ್ಕಿದ್ದನ್ನ ನಾನು ನಂಬೋಳಲ್ಲ. ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯೋರು, ಗೂಡು ಬೇಯಿಸೋ ನೀರು ಎಷ್ಟು ಕಾದಿರಬೇಕು ಅಂತ ಪಕ್ಕದ ಮನೆಯವರಿಗೂ ಬಾಯಿ ಬಿಡಲ್ಲ. ಅಂಥದ್ದರಲ್ಲಿ ಯಾವುದೋ ದೇಶದ ಕಂಪನಿ, ತಾನು ಮಾಡಿದ ಟೀವಿ ಆಟದ ಕಂಟ್ರೋಲರಿನ ನಕ್ಷೇನ ಯಾರು ಬೇಕಾದರೂ ತಗೊಂಡು ತಮಗೆ ಬೇಕಾದ್ದು ಮಾಡ್ಕೊಳ್ಳಿ ಅಂತ ಇಂಟರ್ನೆಟ್ಟಲ್ಲಿ ಬಿಟ್ಟಿದೆಯಂತೆ. ಇದರಲ್ಲೇನೋ ಮೋಸ ಇದೆ ಅಂದೆ. ಮೊಮ್ಮಗಳು ಕಾವ್ಯ, "ಮೋಸ ಹೋಗೋಕೆ ನಮ್ಮತ್ರ ಏನೈತಜ್ಜಿ?" ಅಂದಳು. ಅದೂ ಸರಿ.

ಕಾವ್ಯಳಿಗೆ ಮಾಂಸಖಂಡ ಸೊರಗೋ ಕಾಯಿಲೆ. ಮೊದಲು ಕಾಲು ಹೋಯಿತು, ಈಗ ಕೈ ಹೋಗ್ತಾ ಇದೆ. ಮದ್ದಿಲ್ಲ ಅಂತ ಡಾಕ್ಟರು ಮುಖಕ್ಕೇ ಹೇಳಿದರು; ಸುತ್ತಿ ಬಳಸದೆ ಹೇಳಿದ್ದಕ್ಕೆ ಕೈ ಮುಗಿದು ಬಂದೆ. ಅವಳಿಗಿರೋದು ಟೀವಿ ಮೇಲೆ ಕಾರು ಓಡಿಸೋ ಆಟ ಒಂದೇ. ಯಾವ್ಯಾವ ಊರಿನ ಹುಡುಗಿಯರೋ ಜೊತೆಗೆ ಆಡ್ತಾರೆ. ಇವಳು ಗಾಲಿಕುರ್ಚಿಯಲ್ಲಿರೋದು ಅಲ್ಲಿ ಯಾರಿಗೂ ಕಾಣಲ್ಲ. ಕಾರು ತಿರುಗಿಸೋಕೆ ಕೈಯಲ್ಲಿ ಹಿಡಿಯೋ ಆ ಕಂಟ್ರೋಲರಿನ ಮೇಲೆ ಒಂದು ಗಿಡ್ಡ ಗೂಟ ಇದೆ. ಅದನ್ನ ತಳ್ಳೋಕೆ ಹೆಬ್ಬೆರಳಿಗೆ ಬಲ ಸಾಲದೆ, ಆಟವೂ ನಿಲ್ಲೋ ಹಾಗಾಯಿತು.

ಸಾಮಾನು ಮಾಡೋರೆಲ್ಲ ಗಟ್ಟಿ ಕೈಯನ್ನೇ ನೆನೆಸ್ಕೊಂಡು ಮಾಡ್ತಾರೆ. ಕುಡುಗೋಲು ನೋಡಿ, ಬಲಗೈಯವರಿಗೇ ಹುಟ್ಟಿದ್ದು. ನಮ್ಮತ್ತೆ ಎಡಚಿ. ಅಂಬಾಜಿದುರ್ಗದ ಕಡೆ ಒಬ್ಬ ಕಮ್ಮಾರ ಬಾಯಿ ತಿರುಗಿಸಿ ಆಕೆಗೊಂದು ಮಾಡಿಕೊಟ್ಟಿದ್ದ. ಆಕೆ ಸತ್ತಮೇಲೆ ಮುಟ್ಟೋರಿಲ್ಲದೆ ತುಕ್ಕು ಹಿಡೀತು. ಒಬ್ಬರ ಕೈಗೆ ಅಂತ ಮಾಡಿದ್ದರ ಗತಿ ಅಷ್ಟೇ.

ಚಿಂತಾಮಣಿಯಲ್ಲಿ ಮೊಬೈಲ್ ರಿಪೇರಿ ಮಾಡೋ ನಯಾಜ್ ಹತ್ತಿರ, ಪ್ಲಾಸ್ಟಿಕ್ ದಾರ ಕರಗಿಸಿ ಪದರ ಪದರವಾಗಿ ಸಾಮಾನು ಕಟ್ಟೋ ಮಿಷನ್ನಿದೆ. ಕಂಪನಿಯ ನಕ್ಷೆಗೆ ಕಾವ್ಯಳ ಕೈಯಳತೆ ಸೇರಿಸಿ, ಗೂಟದ ಮೇಲೆ ಕೂರೋ ಪುಟ್ಟ ಬಟ್ಟಲು ಮಾಡಿಕೊಟ್ಟ. ಹೆಬ್ಬೆರಳು ಅದರೊಳಗಿಟ್ಟು ಕೈ ಎಳೆದರೆ ಸಾಕು.

ನಾನೇನು ಮಾಡಿದೆ? ಅವರಿವರು ಮುಟ್ಟಿದ ಸಾಮಾನು ಅಂತ, ಗೂಡು ಬೇಯಿಸಿದ ಹಾಗೆ ಕುದಿಯೋ ನೀರಿಗೆ ಹಾಕಿದೆ. ನೂಲು ತೆಗೆದ ಕೈಗೆ ಬೇರೆ ದಾರಿ ತೋಚಲ್ಲ. ತೆಗೆದಾಗ ಬಟ್ಟಲು ಒದ್ದೆ ಹಪ್ಪಳದ ಹಾಗೆ ಮುದುರಿಕೊಂಡಿತ್ತು.

"ಅಜ್ಜೀ, ನಿನ್ನ ಕಣ್ಣಿಗೆ ಎಲ್ಲಾ ಗೂಡೇನೇ?" ಅಂತ ಕಾವ್ಯ ನಕ್ಕಳು. ನಗುವಾಗ ಉಸಿರು ಕಟ್ಟಿತು. ಬೆನ್ನು ಸವರಿದೆ.

ಆಟೋ ಮಾಡ್ಕೊಂಡು ಅವಳನ್ನೇ ಕರ್ಕೊಂಡು ಹೋದೆ. ನಯಾಜ್ ಬೈತಾನೆ ಅಂದುಕೊಂಡಿದ್ದೆ. "ಬಿಡಮ್ಮಾ, ನಕ್ಷೆ ಇಲ್ಲೇ ಐತೆ, ಇನ್ನೊಂದು ತೆಗೀತೀನಿ" ಅಂದು ಮತ್ತೆ ಅಳತೆ ತಗೊಂಡ. ತಗೊಂಡೋನು ಹಳೇ ಅಳತೆ ಪಕ್ಕಕ್ಕಿಟ್ಟು ನೋಡಿದ. ಹೆಬ್ಬೆರಳು ಮೊದಲಿನಷ್ಟು ಚಾಚ್ತಾ ಇರಲಿಲ್ಲ.

ಕಾವ್ಯಾನೇ ಬಾಯಿ ಬಿಟ್ಟಳು: "ಅಣ್ಣಾ, ಮುಷ್ಟಿ ಕೂರೋ ಅಷ್ಟು ಅಗಲದ್ದೂ ಒಂದು ಮಾಡಿಬಿಡಿ. ಮುಂದಕ್ಕೆ ಬೇಕಾಗುತ್ತೆ."

ಬೆಳೆಯೋ ಮಕ್ಕಳಿಗೆ ಲಂಗ ದೊಡ್ಡದಾಗಿ ಹೊಲಿಸ್ತೀವಿ, ಬರೋ ವರ್ಷಕ್ಕೂ ಆಗಲಿ ಅಂತ. ಇದೂ ಹಾಗೇ, ದಾರಿ ಮಾತ್ರ ಹಿಂದುಮುಂದು. ನಯಾಜ್ ನನ್ನ ಮುಖ ನೋಡಿದ. ಹಂಗೆಲ್ಲ ಅನ್ನಬಾರದು ಅಂತ ಅವಳ ಬಾಯಿ ಮುಚ್ಚಿಸ್ತೀನಿ ಅಂದುಕೊಂಡನೇನೋ.

"ಮಾಡಪ್ಪ" ಅಂದೆ. "ಅಂಚು ಮಾತ್ರ ನುಣ್ಣಗಿರಲಿ."