ಹಳದಿ ಅಣಬೆಯ ಮೊದಲ ತುತ್ತು

ಸತ್ತವರು ಮನೆಗೆ ಬಂದು ಹೋಗುತ್ತಾರೆಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ನನ್ನ ಹೆಂಡತಿ ತೀರಿಕೊಂಡ ಮರುವರ್ಷದ ಮಳೆಗಾಲದವರೆಗೂ ಹಾಗೇ ಇದ್ದೆ. ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಅರವತ್ತರ ದಶಕದ ಮಾತು. ಒಂದು ದಿನ ಅವಳು ಒಲೆಯ ಮುಂದೆ ಕುಳಿತು ಮೊರದಲ್ಲಿ ಹಳದಿ ಅಣಬೆ ಆರಿಸುತ್ತಿದ್ದಳು. ಅವಳ ತವರು ಹಾನಗಲ್ಲಿನ ಕಾಡಂಚಿನ ಊರು. ನಾನು ಹುಲಗೂರಿನವನು, ಅಕ್ಕಿಆಲೂರಿನ ಗಿರಣಿಯಲ್ಲಿ ಕೆಲಸಕ್ಕಿದ್ದೆ. ಆ ಅಣಬೆಯಲ್ಲಿ ದಪ್ಪನೆಯದೊಂದು, ತೆಳ್ಳನೆಯದೊಂದು, ಎರಡೂ ತಿನ್ನುವಂಥವು. ಅವುಗಳ ನಡುವೆಯೇ ಅದೇ ಬಣ್ಣದ ಇನ್ನೊಂದು ಏಳುತ್ತದೆ, ಅದು ವಿಷ. ಒಳ್ಳೆಯದರ ಕೊಡೆಯ ಕೆಳಗಿನ ನಿರಿಗೆ ಉಗುರಿನಿಂದ ಕೆದರಿದರೂ ಬಿಟ್ಟು ಬರುವುದಿಲ್ಲ. ಸೀಳಿದರೆ ಒಳಗೆ ಬೆಳ್ಳಗಿರುತ್ತದೆ. ಕೆಟ್ಟದ್ದು ಎಸಳೆಸಳಾಗಿ ಬಿಡುತ್ತದೆ. ಇಷ್ಟು ತಿಳಿದಿದ್ದರೂ ಅವಳ ತವರಿನಲ್ಲೊಂದು ಪದ್ಧತಿಯಿತ್ತು. ಮನೆಯ ಹೆಂಗಸು ಮಧ್ಯಾಹ್ನ ಮೊದಲ ತುತ್ತು ಉಣ್ಣಬೇಕು. ಅವಳಿಗೆ ಏನೂ ಆಗದಿದ್ದರೆ ಗಂಡಸರು ದೀಪ ಹಚ್ಚಿದ ಮೇಲೆ ಉಣ್ಣಬೇಕು.

"ಈಗ ಕೈ ಹಚ್ಚಬ್ಯಾಡ್ರಿ. ನಾ ಉಂಡೇನಿ, ದೀಪ ಹಚ್ಚೂತನಾ ತಡೀರಿ."

"ನೀ ಸತ್ತರ ನನಗ ರೊಟ್ಟಿ ಯಾರು ಬಡೀತಾರ?"

"ಇನ್ನೊಬ್ಬಾಕಿನ್ನ ತರ್ರಿ. ಅಣಬಿ ಗುರ್ತು ಹಿಡಿಯಾಕಿನ್ನ ನೋಡಿ ತರ್ರಿ."

ಮರುದಿನ ಅವಳಿಗೆ ಜ್ವರ ಬಂತು. ವಿಷಮಶೀತಜ್ವರ ಎಂದರು ಡಾಕ್ಟರು. ಅದೇ ಅಣಬೆ ಉಂಡ ನನಗೆ ಏನೂ ಆಗಿರಲಿಲ್ಲ. ಅವಳು ಮಾತ್ರ ಏಳಲಿಲ್ಲ.

ಮರುವರ್ಷ ಮಳೆ ಹಿಡಿದಾಗ ನನಗೆ ಅಣಬೆ ತಿನ್ನುವ ಆಸೆಯಾಯಿತು. ಹೇಳಿಕೊಳ್ಳಲು ನಾಚಿಕೆ. ರಜೆಯ ದಿನ ಒಬ್ಬನೇ ಕಾಡಿಗೆ ಹೋಗಿ ಕಿತ್ತು ತಂದೆ. ಉಗುರಿನಿಂದ ಕೆದರಿ ನೋಡಿದೆ. ಕೆಲವು ತಿಳಿದವು, ಕೆಲವು ತಿಳಿಯಲಿಲ್ಲ. ಆಸೆ ಕೇಳಲಿಲ್ಲ, ಎಲ್ಲವನ್ನೂ ಪಲ್ಯ ಮಾಡಿದೆ. ಮಧ್ಯಾಹ್ನ ರೊಟ್ಟಿಯ ಮೇಲೆ ಬಡಿಸಿಕೊಂಡು, ಕೈ ತೊಳೆಯಲು ಹಿತ್ತಲ ಬಾಗಿಲಿಗೆ ಹೋದೆ. ಮುಂಬಾಗಿಲಿಗೆ ಅಗಳಿ ಹಾಕಿತ್ತು.

ತಿರುಗಿ ಬಂದು ನೋಡಿದರೆ ರೊಟ್ಟಿಯ ಅಂಚು ಹರಿದಿತ್ತು. ಒಂದು ತುತ್ತಿನಷ್ಟು ಪಲ್ಯ ಇರಲಿಲ್ಲ. ಬೆಕ್ಕಾಗಿದ್ದರೆ ಚೆಲ್ಲಾಡುತ್ತಿತ್ತು. ಅಲ್ಲಿ ಒಂದು ಚೂರೂ ಕೆಳಗೆ ಬಿದ್ದಿರಲಿಲ್ಲ. ರೊಟ್ಟಿಯನ್ನು ಬೆರಳಿನಿಂದಲೇ ಮುರಿದುಕೊಂಡ ಹಾಗಿತ್ತು.

ನಾನು ಹೆದರಲಿಲ್ಲ. ಅದೇ ನನಗೀಗ ಸಂಕಟ. ಹೆದರುವ ಬದಲು, ಮೊದಲ ತುತ್ತು ಅವಳೇ ಉಂಡಳೆಂದು ಧೈರ್ಯ ಬಂತು. ತಟ್ಟೆ ಮುಚ್ಚಿಟ್ಟು ಪಕ್ಕದಲ್ಲೇ ಕುಳಿತೆ. ಸಂಜೆ ಚಿಮಣಿ ದೀಪ ಹಚ್ಚಿ ಉಳಿದದ್ದನ್ನೆಲ್ಲ ಉಂಡೆ. ರುಚಿಯಾಗಿತ್ತು. ನನಗೇನೂ ಆಗಲಿಲ್ಲ.

ಬಹಳ ದಿನಗಳ ಮೇಲೆ ಇದನ್ನು ಅವಳ ತಾಯಿಗೆ ಹೇಳಿದೆ. ಅತ್ತುಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಅಕ್ಕಿ ಹಸನು ಮಾಡುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ದೀಪ ಹಚ್ಚೂತನಾ ಕಾದ್ರಿ?"

"ಹೂಂ ರೀ."

"ಅಕಿಗೇನೂ ಆಗಲಿಲ್ಲಂತ ನಿಮಗ ಹೆಂಗ ತಿಳೀತ್ರಿ?"

ನಾನು ತಲೆ ತಗ್ಗಿಸಿದೆ. ಆ ತುತ್ತು ಎಲ್ಲಿ ಹೋಯಿತೆಂದು ಇಂದಿಗೂ ಗೊತ್ತಿಲ್ಲ.